ಮೆತ್ತನೆಯ ದಿಂಬು ಬಿಟ್ಟು ಬಯಲಿಗೆ ಬಂದವರು

ಬಯಲಿನಲ್ಲಿ ನಿಂತು ಪ್ರಸಂಗ, ಅಂದರೆ ಧರ್ಮಬೋಧೆ, ಮಾಡುವುದು ಜಾನ್ ವೆಸ್ಲಿಗೆ ಇಷ್ಟವಿರಲಿಲ್ಲ. ಐವತ್ತು ವರ್ಷ ಇಂಗ್ಲೆಂಡಿನ ಸಂತೆಬೀದಿಗಳಲ್ಲಿ, ಗುಡ್ಡದ ಇಳಿಜಾರಿನಲ್ಲಿ, ಗಣಿ ಕುಸಿದ ಹೊಂಡಗಳಲ್ಲಿ ಸುವಾರ್ತೆ ಸಾರಿದ, ಮೆಥೊಡಿಸ್ಟ್ ಎಂಬ ಕ್ರೈಸ್ತ ಸಭೆಗೆ (ಪಂಗಡಕ್ಕೆ) ಮೂಲಪುರುಷನಾದ ಮನುಷ್ಯನ ಬಗ್ಗೆ ಹೀಗೆಂದರೆ ನಂಬುವುದು ಕಷ್ಟ. ಆದರೆ ಇದು ಆತನೇ ಒಪ್ಪಿಕೊಂಡದ್ದು. 1759ರ ದಿನಚರಿಯಲ್ಲಿ ಆತ ಬರೆದುಕೊಂಡ ಮಾತಿನ ಸಾರ ಹೀಗಿದೆ: ಬಯಲು ಪ್ರಸಂಗವನ್ನು ಸೈತಾನ ಮೆಚ್ಚದಿದ್ದರೆ ಅದರಲ್ಲಿ ಆಶ್ಚರ್ಯವೇನು? ನಾನೂ ಮೆಚ್ಚುವುದಿಲ್ಲ. ಅನುಕೂಲವಾದ ಕೋಣೆ, ಮೆತ್ತನೆಯ ದಿಂಬು, ಚೆಂದದ ಪ್ರಸಂಗಪೀಠ ನನಗೆ ಇಷ್ಟ. ಹದಿಮೂರು ವರ್ಷ ಕಳೆದ ಮೇಲೂ ಮನಸ್ಸು ಬದಲಾಗಿರಲಿಲ್ಲ. ಬಯಲು ಪ್ರಸಂಗ ಇಂದಿಗೂ ನನಗೆ ಶಿಲುಬೆಯೇ, ಬೇರೆ ದಾರಿ ಕಾಣದೆ ಮಾಡುತ್ತಿದ್ದೇನೆ ಎಂದು 1772ರಲ್ಲಿ ಬರೆದ.

(ಆ ದಿಂಬು ಒರಗುವುದಕ್ಕೆ ಇದ್ದದ್ದಲ್ಲ. ಆ ಕಾಲದ ಪ್ರಸಂಗಪೀಠಗಳಲ್ಲಿ ಸತ್ಯವೇದವನ್ನು, ಅಂದರೆ ಬೈಬಲನ್ನು, ತೆರೆದಿಡಲು ಒಂದು ದಿಂಬು ಇರುತ್ತಿತ್ತು. ವೆಸ್ಲಿಯಂತೆ ಕುದುರೆಯ ಮೇಲೆ ಕೂತು ಓದುವವನಿಗೆ ಅದರ ಬೆಲೆ ಗೊತ್ತು.)

ಊರೂರು ಅಲೆದ ಬೋಧಕರ ಚಿತ್ರ ನೋಡಿದಾಗಲೆಲ್ಲ ನಮಗೆ ಒಂದು ಕಲ್ಪನೆ ಮೂಡುತ್ತದೆ. ಕಾಡು, ಕುದುರೆ, ನೀಲಿ ಆಕಾಶ, ಪ್ರಕೃತಿಯ ಮಡಿಲಲ್ಲಿ ದೇವರನ್ನು ಕಂಡ ಸಂತ. ಆ ಬೋಧಕರ ದಿನಚರಿಗಳನ್ನು ಓದಿದರೆ ಕಾಣುವುದು ಕೆಸರು, ಚಿಗಟ, ಗಂಟಲುಬೇನೆ, ತುಂಬಿ ಹರಿಯುವ ಹೊಳೆ. ಅವರು ಬಯಲಿಗೆ ಬಂದದ್ದು ಒಳಗೆ ಜಾಗವಿಲ್ಲದೆ. ಆದರೆ ಬಂದ ಮೇಲೆ ಬಯಲು ಅವರನ್ನು ಸುಮ್ಮನೆ ಬಿಡಲಿಲ್ಲ. ಪ್ರಸಂಗದ ಹೊತ್ತು, ವಾಕ್ಯದ ಉದ್ದ, ಬೋಧಕನ ಸಂಬಳ, ಅವನ ಮದುವೆ, ಸಭೆಯ ಆಡಳಿತ, ಎಲ್ಲವನ್ನೂ ದೂರ ಮತ್ತು ಹವೆ ಎಂಬ ಎರಡು ಸಂಗತಿಗಳು ತಿದ್ದಿದವು. ಅದು ಹೇಗೆ ಎಂಬುದೇ ಈ ಲೇಖನದ ವಿಷಯ.

ಬಾಗಿಲು ಮುಚ್ಚಿದ್ದೇಕೆ

ಇಂಗ್ಲೆಂಡಿನ ಚರ್ಚ್ ವ್ಯವಸ್ಥೆ ನೆಲವನ್ನು ಪ್ಯಾರಿಷ್‌ಗಳಾಗಿ ಹಂಚಿತ್ತು. ಒಂದೊಂದು ಪ್ಯಾರಿಷ್‌ಗೆ ಒಂದು ದೇವಾಲಯ, ಒಬ್ಬ ಪಾದ್ರಿ. ಇನ್ನೊಬ್ಬನ ಪ್ಯಾರಿಷ್‌ನಲ್ಲಿ ಬೋಧಿಸಬೇಕಾದರೆ ಅಲ್ಲಿಯ ಪಾದ್ರಿಯ ಒಪ್ಪಿಗೆ ಬೇಕು. ಊರುಗಳು ಇದ್ದಲ್ಲೇ ಇರುವಾಗ ಇದು ಸಲೀಸಾದ ಏರ್ಪಾಡು. 18ನೆಯ ಶತಮಾನದಲ್ಲಿ ಜನ ಕದಲತೊಡಗಿದರು. ಕಲ್ಲಿದ್ದಲು ಸಿಕ್ಕಲ್ಲಿ, ತವರ ಸಿಕ್ಕಲ್ಲಿ ಗುಡಿಸಲು ಹಾಕಿಕೊಂಡರು. ಪ್ಯಾರಿಷ್‌ಗಳ ಗಡಿ ಮಾತ್ರ ಹಿಂದೆ ಇದ್ದಲ್ಲೇ ಉಳಿಯಿತು. ಬ್ರಿಸ್ಟಲ್ ನಗರದ ಪಕ್ಕದ ಕಿಂಗ್ಸ್‌ವುಡ್‌ನಲ್ಲಿ ಗಣಿ ಕೆಲಸಗಾರರ ದೊಡ್ಡ ವಸತಿಯೇ ಇತ್ತು, ಅವರಿಗೊಂದು ದೇವಾಲಯ ಇರಲಿಲ್ಲ.

1739ರ ಫೆಬ್ರವರಿಯ ಚಳಿಯಲ್ಲಿ ಅಲ್ಲಿಗೆ ಹೋಗಿ ಮೊದಲು ಬಾಯಿ ತೆರೆದವನು ಜಾರ್ಜ್ ವಿಟ್‌ಫೀಲ್ಡ್. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಮೊದಲ ದಿನ ಇನ್ನೂರರಷ್ಟು ಜನ ಸೇರಿದ್ದರು, ಕೆಲವೇ ವಾರಗಳಲ್ಲಿ ಅದು ಸಾವಿರಗಳಿಗೇರಿತು. ಮಸಿ ಮೆತ್ತಿದ ಕೆನ್ನೆಗಳ ಮೇಲೆ ಕಣ್ಣೀರು ಬಿಳಿ ಗೆರೆ ಎಳೆಯುತ್ತಿದ್ದುದನ್ನು ಕಂಡೇ ಅವರ ಮನ ಕರಗಿದ್ದು ತನಗೆ ತಿಳಿಯಿತು ಎಂದು ಅವನು ಬರೆದಿದ್ದಾನೆ. ಅಮೆರಿಕಕ್ಕೆ ಹೊರಡುವ ಸಿದ್ಧತೆಯಲ್ಲಿದ್ದ ವಿಟ್‌ಫೀಲ್ಡ್, ಈ ಕೆಲಸ ಮುಂದುವರಿಸಲು ಆಕ್ಸ್‌ಫರ್ಡ್‌ನ ತನ್ನ ಹಿರಿಯ ಗೆಳೆಯ ವೆಸ್ಲಿಯನ್ನು ಕರೆಸಿಕೊಂಡ.

ವೆಸ್ಲಿ ಬಂದು ನೋಡಿ ಗಾಬರಿಯಾದ. ಆತನಿಗೆ ಎಲ್ಲವೂ ಕ್ರಮಬದ್ಧವಾಗಿರಬೇಕು. ಆತ್ಮಗಳ ರಕ್ಷಣೆಯೇ ಆದರೂ ಅದು ದೇವಾಲಯದ ಒಳಗೆ ನಡೆಯದಿದ್ದರೆ ಹೆಚ್ಚುಕಡಿಮೆ ಪಾಪವೆಂದೇ ತಿಳಿದಿದ್ದೆ ಎಂದು ದಿನಚರಿಯಲ್ಲಿ ಬರೆದುಕೊಂಡ. ಆದರೂ ಏಪ್ರಿಲ್ 2ರಂದು, ಬ್ರಿಸ್ಟಲ್‌ನ ಅಂಚಿನ ಒಂದು ದಿಣ್ಣೆಯ ಮೇಲೆ ನಿಂತು ಸುಮಾರು ಮೂರು ಸಾವಿರ ಜನರಿಗೆ ಬೋಧಿಸಿದ. ಆ ದಿನದ ಬರಹದಲ್ಲಿ ಆತ ಬಳಸಿದ ಮಾತು, ತಾನು ಇನ್ನಷ್ಟು ಹೀನನಾಗಲು ಒಪ್ಪಿದೆ ಎಂಬುದು.

ಆಮೇಲೆ ವಾದ ಎದ್ದಿತು. ಅಲ್ಲಿಯ ಪಾದ್ರಿಯ ಅನುಮತಿಯಿಲ್ಲದೆ ಊರೊಳಗೆ ಬಂದು ಬೋಧಿಸಲು ನೀನು ಯಾರು? ವೆಸ್ಲಿಯ ಉತ್ತರದಲ್ಲಿ ವಕೀಲನ ಜಾಣತನವೂ ಇತ್ತು. ತನ್ನ ಪಾದ್ರಿ ದೀಕ್ಷೆ ಕಾಲೇಜಿನ ಫೆಲೋ (ವಿದ್ವಾಂಸ ಸದಸ್ಯ) ಎಂಬ ನೆಲೆಯಲ್ಲಿ ಆದದ್ದು, ಯಾವ ಪ್ಯಾರಿಷ್‌ಗೂ ಕಟ್ಟಿದ್ದಲ್ಲ, ಹಾಗಾಗಿ ಇಡೀ ಜಗತ್ತೇ ತನ್ನ ಪ್ಯಾರಿಷ್ ಎಂದ. ಈಗ ಗೋಡೆಯ ಮೇಲೆ ತೂಗುಹಾಕುವ ಸೂಕ್ತಿಯಾಗಿರುವ ಆ ಮಾತು ಹುಟ್ಟಿದ್ದು ಇಂಥ ಗಡಿತಂಟೆಯಲ್ಲಿ.

1742ರ ಜೂನ್‌ನಲ್ಲಿ ಆತ ತನ್ನ ಹುಟ್ಟೂರು ಎಪ್ವರ್ತ್‌ಗೆ ಹೋದಾಗ ನಡೆದದ್ದು ಇನ್ನೂ ಸೊಗಸು. ಅಲ್ಲಿಯ ದೇವಾಲಯದಲ್ಲಿ ವೆಸ್ಲಿಯ ತಂದೆಯೇ ಸುಮಾರು ನಾಲ್ಕು ದಶಕ ಪಾದ್ರಿಯಾಗಿದ್ದ. ಈಗಿನ ಪಾದ್ರಿ ಮಗನಿಗೆ ಪ್ರಸಂಗಪೀಠ ಕೊಡಲಿಲ್ಲ. ಸಂಜೆ ವೆಸ್ಲಿ ದೇವಾಲಯದ ಅಂಗಳಕ್ಕೆ ಹೋಗಿ ತಂದೆಯ ಸಮಾಧಿ ಕಲ್ಲಿನ ಮೇಲೆ ನಿಂತು ಬೋಧಿಸಿದ. ಮಗ ಅಪ್ಪನ ಸಮಾಧಿಯ ಹತ್ತಿರ ನಿಲ್ಲಬಾರದು ಎನ್ನಲು ಯಾರಿಗೆ ತಾನೆ ಬಾಯಿ ಬಂದೀತು?

ಎಲ್ಲ ಕಡೆಯೂ ಇಷ್ಟು ಸುಲಭದಲ್ಲಿ ಮುಗಿಯುತ್ತಿರಲಿಲ್ಲ. ಪೆನ್ಸ್‌ಫರ್ಡ್‌ನಲ್ಲಿ ಗುಂಪಿನ ಮೇಲೆ ಗೂಳಿ ಬಿಟ್ಟರು. ಗೂಳಿಗೆ ಜಗಳದಲ್ಲಿ ಆಸಕ್ತಿ ಇರಲಿಲ್ಲವಾದ್ದರಿಂದ ಅದನ್ನು ಎಳೆದು ತಂದು ಆತ ನಿಂತಿದ್ದ ಮೇಜಿಗೇ ನೂಕಿದರು. 1743ರಲ್ಲಿ ವೆಡ್ನೆಸ್‌ಬರಿಯಲ್ಲಿ ಒಂದು ಗುಂಪು ಆತನನ್ನು ಹಿಡಿದು ಮಳೆ ಸುರಿಯುವ ರಾತ್ರಿಯಲ್ಲಿ ನ್ಯಾಯಾಧಿಕಾರಿಯ ಮನೆಗೆ ನಡೆಸಿಕೊಂಡು ಹೋಯಿತು. ಅಲ್ಲಿ ಕೆಲಸವಾಗದೆ ಇನ್ನೊಬ್ಬನ ಮನೆಗೆ ಹೋದರೆ ಅವನು ಮಲಗಿಬಿಟ್ಟಿದ್ದ. ಕೊನೆಗೆ ಗುಂಪಿನ ಮುಂದಾಳೇ ಮನಸ್ಸು ತಿರುಗಿ ಆತನನ್ನು ಕಾಪಾಡಿದ. ವೆಸ್ಟ್‌ಕೋಟಿನ ಒಂದು ಅಂಚು ಮತ್ತು ಕೈಯ ತುಸು ಚರ್ಮ ಮಾತ್ರ ಹೋಯಿತು ಎಂದು ವೆಸ್ಲಿ ಲೆಕ್ಕ ಬರೆದಿದ್ದಾನೆ. ಐದೂಕಾಲು ಅಡಿಯ ಮನುಷ್ಯ, ಲೆಕ್ಕದಲ್ಲಿ ಬಲು ಕಟ್ಟುನಿಟ್ಟು.

ಮೈಕ್ ಇಲ್ಲದ ಕಾಲದ ದನಿ

ಈಗ ನನಗೆ ತುಂಬ ಕುತೂಹಲದ ಭಾಗ. ಧ್ವನಿವರ್ಧಕವಿಲ್ಲದೆ ಒಬ್ಬ ಮನುಷ್ಯ ಸಾವಿರಾರು ಜನರಿಗೆ ಕೇಳುವಂತೆ ಮಾತನಾಡಲು ಸಾಧ್ಯವೇ?

ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದವನು ಬೆಂಜಮಿನ್ ಫ್ರಾಂಕ್ಲಿನ್. 1739ರಲ್ಲಿ ವಿಟ್‌ಫೀಲ್ಡ್ ಫಿಲಡೆಲ್ಫಿಯಾಕ್ಕೆ ಬಂದಾಗ ಒಂದು ಸಂಜೆ ಕೋರ್ಟ್ ಕಟ್ಟಡದ ಮೆಟ್ಟಿಲ ಮೇಲೆ ನಿಂತು ಬೋಧಿಸುತ್ತಿದ್ದ. ಫ್ರಾಂಕ್ಲಿನ್ ಗುಂಪಿನ ಹಿಂಭಾಗದಲ್ಲಿದ್ದ. ಮಾರ್ಕೆಟ್ ಬೀದಿಯಲ್ಲಿ ನದಿಯ ಕಡೆಗೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ಹೋದ. ಫ್ರಂಟ್ ಬೀದಿ ಹತ್ತಿರವಾಗುವವರೆಗೂ ಮಾತು ಸ್ಪಷ್ಟವಾಗಿತ್ತು, ಅಲ್ಲಿ ಬೀದಿಯ ಗದ್ದಲ ಅದನ್ನು ನುಂಗಿತು. ಆ ದೂರವನ್ನೇ ತ್ರಿಜ್ಯವಾಗಿಟ್ಟು ಅರ್ಧವೃತ್ತ ಕಲ್ಪಿಸಿಕೊಂಡು, ತಲೆಗೆ ಎರಡು ಚದರ ಅಡಿಯಂತೆ ಜನರನ್ನು ತುಂಬಿ ನೋಡಿದ. ಮೂವತ್ತು ಸಾವಿರಕ್ಕೂ ಹೆಚ್ಚು ಜನಕ್ಕೆ ಕೇಳಬಹುದೆಂದು ಲೆಕ್ಕ ಬಂತು.

ಈ ಸಂಖ್ಯೆಯನ್ನು ಅನೇಕರು ತಪ್ಪಾಗಿ ಓದುತ್ತಾರೆ. ಆ ಸಂಜೆ ಅಷ್ಟು ಜನ ಸೇರಿದ್ದರು ಎಂದು ಫ್ರಾಂಕ್ಲಿನ್ ಹೇಳಿಲ್ಲ. ಅಷ್ಟು ಜನ ನಿಂತರೆ ಕೇಳೀತು ಎಂದಷ್ಟೇ ಹೇಳಿದ್ದು. ಮೂವತ್ತು ಸಾವಿರವನ್ನೇ ಇಟ್ಟುಕೊಂಡು ಲೆಕ್ಕವನ್ನು ತಿರುಗಿಸಿ ನೋಡೋಣ. ಅರವತ್ತು ಸಾವಿರ ಚದರ ಅಡಿಯ ಅರ್ಧವೃತ್ತಕ್ಕೆ ತ್ರಿಜ್ಯ ಸುಮಾರು 195 ಅಡಿ, ಅಂದರೆ ಅರವತ್ತು ಮೀಟರಿನಷ್ಟು. ತಲೆಗೆ ಎರಡು ಚದರ ಅಡಿ ಎಂದರೆ ಭುಜಕ್ಕೆ ಭುಜ ತಾಗಿಸಿ, ಎದೆಗೆ ಬೆನ್ನು ಒತ್ತಿ ನಿಲ್ಲಬೇಕು. ಇದು ಮೇಲ್ಮಿತಿಯ ಲೆಕ್ಕ. ಆ ಕಾಲದ ಪತ್ರಿಕೆಗಳು ಕೊಡುತ್ತಿದ್ದ ಭಾರೀ ಸಂಖ್ಯೆಗಳನ್ನು ನಂಬದಿದ್ದ ಫ್ರಾಂಕ್ಲಿನ್‌ಗೆ ಅಂಥದ್ದು ಅಸಾಧ್ಯವಲ್ಲ ಎಂದು ಮನವರಿಕೆಯಾಯಿತು, ಅಷ್ಟೇ.

ಬಯಲಿನಲ್ಲಿ ಧ್ವನಿಗೆ ಎರಡು ಶತ್ರುಗಳು. ಒಂದು ದೂರ. ದೂರ ದುಪ್ಪಟ್ಟಾದಂತೆಲ್ಲ ಶಬ್ದದ ಮಟ್ಟ ಆರು ಡೆಸಿಬೆಲ್‌ನಷ್ಟು ಇಳಿಯುತ್ತದೆ. ದೇವಾಲಯದ ಒಳಗಾದರೆ ಗೋಡೆ, ಚಾವಣಿ ಸ್ವಲ್ಪವನ್ನಾದರೂ ಹಿಂದಿರುಗಿಸುತ್ತವೆ. ಬಯಲು ಏನನ್ನೂ ಹಿಂದಿರುಗಿಸುವುದಿಲ್ಲ. ಎರಡನೆಯದು ಗಾಳಿ. ಗಾಳಿಗೆದುರಾಗಿ ಹೋಗುವ ಧ್ವನಿ ಮೇಲಕ್ಕೆ ಬಾಗಿ ಕೇಳುಗರ ತಲೆಯ ಮೇಲಿಂದ ಹಾದುಹೋಗುತ್ತದೆ. ಗಾಳಿಯ ಜೊತೆಗೆ ಹೋಗುವುದು ಕೆಳಕ್ಕೆ ಬಾಗಿ ಕಿವಿಗೆ ಬೀಳುತ್ತದೆ. ಅನುಭವಿ ಬೋಧಕ ಮೊದಲು ನೋಡಬೇಕಾದದ್ದು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು.

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನ ಗ್ವೆನಪ್ ಹೊಂಡದ ಕಥೆ ಶುರುವಾದದ್ದೇ ಗಾಳಿಯಿಂದ. 1762ರಲ್ಲಿ ಒಂದು ಸಂಜೆ ಎಂದಿನ ಜಾಗದಲ್ಲಿ ನಿಲ್ಲಲಾಗದಷ್ಟು ಬಿರುಗಾಳಿ. ಸ್ವಲ್ಪ ದೂರದಲ್ಲಿ, ಹಳೆಯ ಗಣಿ ಕುಸಿದು ಆಗಿದ್ದ ಒಂದು ದೊಡ್ಡ ತಗ್ಗು ಕಂಡಿತು. ವೆಸ್ಲಿ ಅದರ ಒಂದು ಬದಿಯಲ್ಲಿ ಮೇಲ್ಗಡೆ ನಿಂತ, ಜನ ಕೆಳಗೂ ಸುತ್ತಲೂ ನಿಂತರು. ಎಲ್ಲರಿಗೂ ಕೇಳಿಸಿತು. ಹೊಂಡದ ಬದಿಗಳು ಗಾಳಿಯನ್ನು ತಡೆದವು. ಇಳಿಜಾರಿನಿಂದಾಗಿ ಮುಂದಿನವನ ತಲೆ ಹಿಂದಿನವನಿಗೆ ಅಡ್ಡವಾಗಲಿಲ್ಲ. ಮುಂದೆ 1789ರವರೆಗೆ ಆತ ಅಲ್ಲಿ ಹದಿನೆಂಟು ಬಾರಿ ಬೋಧಿಸಿದ. ಆತನ ಮರಣಾನಂತರ, 1806ರಲ್ಲಿ, ಅದಕ್ಕೆ ಸುತ್ತು ಮೆಟ್ಟಿಲು ಕಟ್ಟಿ ಒಪ್ಪ ಮಾಡಿದರು.

ಬೆಳಗಿನ ಐದು ಗಂಟೆಗೆ ಪ್ರಸಂಗ ಮಾಡುವ ವೆಸ್ಲಿಯ ಪದ್ಧತಿಗೂ ಇಂಥದೇ ಒಂದು ಲಾಭ ಇದ್ದಿರಬೇಕು. ಆ ಹೊತ್ತನ್ನು ಆರಿಸಿಕೊಂಡದ್ದು ಕೂಲಿಯವರು ಕೆಲಸಕ್ಕೆ ಹೊರಡುವ ಮೊದಲು ಸಿಗುತ್ತಾರೆ ಎಂದು. ಆದರೆ ನಸುಕಿನಲ್ಲಿ ನೆಲಕ್ಕೆ ತಾಗಿದ ಗಾಳಿ ತಣ್ಣಗಿರುತ್ತದೆ, ಅದರ ಮೇಲಿನ ಪದರ ತುಸು ಬೆಚ್ಚಗೆ. ಬೆಚ್ಚನೆಯ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು, ಹಾಗಾಗಿ ಮೇಲಕ್ಕೆ ಹೊರಟ ದನಿ ಬಾಗಿ ಮತ್ತೆ ನೆಲದ ಕಡೆಗೆ ಇಳಿಯುತ್ತದೆ. ಬಿಸಿಲೇರಿದ ಮೇಲೆ ಇದು ತಿರುಗುಮುರುಗು. ಈ ಭೌತಶಾಸ್ತ್ರ ಆತನಿಗೆ ತಿಳಿಯದಿದ್ದರೂ ಗಂಟಲಿಗೆ ತಿಳಿದಿರುತ್ತದೆ. ಬೆಳಗಿನ ಐದರ ಪ್ರಸಂಗ ಅತ್ಯಂತ ಆರೋಗ್ಯಕರವಾದ ವ್ಯಾಯಾಮಗಳಲ್ಲೊಂದು ಎಂದು ಆತ ಬರೆದಿದ್ದಾನೆ.

ದನಿ ದೂರ ಹೋಗಬೇಕಾದರೆ ಕಿರುಚಬೇಕು ಎಂದು ಹೊಸಬರು ತಿಳಿಯುತ್ತಾರೆ. ಜಾನ್ ಕಿಂಗ್ ಎಂಬ ಬೋಧಕ ಹಾಗೆಯೇ ತಿಳಿದಿದ್ದ. 1775ರಲ್ಲಿ ವೆಸ್ಲಿ ಅವನಿಗೆ ಖಾರವಾದ ಪತ್ರ ಬರೆದ: ನಿನ್ನ ಆತ್ಮದ ಮೇಲೆ ಪ್ರೀತಿ ಇದ್ದರೆ ಇನ್ನು ಕಿರುಚಬೇಡ. ನಾನು ಗಟ್ಟಿಯಾಗಿ ಮಾತನಾಡುತ್ತೇನೆ, ಆವೇಶದಿಂದ ಮಾತನಾಡುತ್ತೇನೆ, ಕಿರುಚುವುದಿಲ್ಲ. ದೂರದಲ್ಲಿ ಮೊದಲು ಕಳೆದುಹೋಗುವುದು ವ್ಯಂಜನಗಳು, ಆಮೇಲೆ ಸ್ವರಗಳು. ಕಿರುಚಿದರೆ ಸ್ವರ ಉಬ್ಬುತ್ತದೆ, ವ್ಯಂಜನ ಒಡೆಯುತ್ತದೆ, ಮಾತು ಅರ್ಥವಾಗುವುದಿಲ್ಲ. ಚಿಕ್ಕ ವಾಕ್ಯ, ನಿಧಾನದ ಉಚ್ಚಾರಣೆ, ನಡುವೆ ಬಿಡುವು. ಬಯಲು ಪ್ರಸಂಗದ ಶೈಲಿ ಇದೇ. ಪಂಡಿತರ ದೀರ್ಘ ಸಮಾಸ ವಾಕ್ಯ ಮೂವತ್ತನೆಯ ಸಾಲಿಗೆ ತಲುಪುವಷ್ಟರಲ್ಲಿ ಬರಿಯ ಗುಂಯ್‌ಗುಡುವಿಕೆಯಾಗಿರುತ್ತದೆ.

ಆರು ವಾರಕ್ಕೊಮ್ಮೆ ಬರುವ ಬೋಧಕ

ಅಮೆರಿಕದಲ್ಲಿ ಸಮಸ್ಯೆ ಬೇರೆ. ಅಲ್ಲಿ ಜನ ಒಂದೆಡೆ ಸೇರಿರಲಿಲ್ಲ, ಚದುರಿದ್ದರು. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಕಾಡು. ಪೀಠವಿದ್ದ ಕಡೆಗೆ ಅವರು ಬರಲಾರರು, ಹಾಗಾಗಿ ಪೀಠವೇ ಕುದುರೆ ಏರಬೇಕಾಯಿತು.

ಈ ಕೆಲಸಕ್ಕೆ ರೂಪ ಕೊಟ್ಟವನು ಫ್ರಾನ್ಸಿಸ್ ಆಸ್ಬರಿ. 1745ರಲ್ಲಿ ಬರ್ಮಿಂಗ್‌ಹ್ಯಾಮ್ ಹತ್ತಿರ ಹುಟ್ಟಿದವನು. ಶಿಕ್ಷಕನ ಹೊಡೆತ ತಾಳಲಾರದೆ ಶಾಲೆ ಬಿಟ್ಟು ಕಬ್ಬಿಣದ ಕೆಲಸಕ್ಕೆ ಸೇರಿದ ಹುಡುಗ. 1771ರ ಅಕ್ಟೋಬರ್‌ನಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಫಿಲಡೆಲ್ಫಿಯಾದಲ್ಲಿ ಹಡಗಿನಿಂದಿಳಿದ. ಅಲ್ಲಿದ್ದ ಬೋಧಕರು ಫಿಲಡೆಲ್ಫಿಯಾ, ನ್ಯೂಯಾರ್ಕ್ ನಗರಗಳಲ್ಲಿ ಬೆಚ್ಚಗೆ ನೆಲೆಸಿಬಿಟ್ಟಿದ್ದರು. ಇಳಿದು ತಿಂಗಳಾಗುವ ಮೊದಲೇ ಆಸ್ಬರಿ ದಿನಚರಿಯಲ್ಲಿ ಗೊಣಗಿದ: ಸೋದರರಿಗೆ ನಗರ ಬಿಡುವ ಮನಸ್ಸಿಲ್ಲ, ನಾನೇ ದಾರಿ ತೋರಿಸಬೇಕು. ತೋರಿಸಿದ. ಮುಂದಿನ ನಲವತ್ತೈದು ವರ್ಷ ಅವನಿಗೊಂದು ಮನೆ ಇರಲಿಲ್ಲ. ಸ್ವಾತಂತ್ರ್ಯ ಯುದ್ಧದ ಹೊತ್ತಿಗೆ ವೆಸ್ಲಿ ಕಳುಹಿಸಿದ್ದ ಉಳಿದ ಇಂಗ್ಲಿಷ್ ಬೋಧಕರು ಹಿಂದಿರುಗಿದರು, ಇವನು ಉಳಿದ. 1784ರ ಕ್ರಿಸ್‌ಮಸ್ ವಾರದಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ ಸಮ್ಮೇಳನ ಮೂರು ದಿನಗಳಲ್ಲಿ ಅವನಿಗೆ ಒಂದರ ಮೇಲೊಂದು ದೀಕ್ಷೆ ಕೊಟ್ಟು ಮೇಲ್ವಿಚಾರಕನನ್ನಾಗಿ ಮಾಡಿತು. ಬೇಗನೆ ಬಿಷಪ್ ಎಂದೇ ಕರೆಸಿಕೊಳ್ಳತೊಡಗಿದ. ವೆಸ್ಲಿಗೆ ಅದು ಹಿಡಿಸಲಿಲ್ಲ, ಅದು ಬೇರೆ ಕಥೆ.

ವ್ಯವಸ್ಥೆ ಹೀಗಿತ್ತು. ಒಂದು ಸೀಮೆಯಲ್ಲಿ ಇನ್ನೂರರಿಂದ ಐನೂರು ಮೈಲಿ ಸುತ್ತಳತೆಯ ಒಂದು ದಾರಿ ಗುರುತಿಸುತ್ತಾರೆ. ಅದಕ್ಕೆ ಸರ್ಕಿಟ್ ಎಂದು ಹೆಸರು. ದಾರಿಯುದ್ದಕ್ಕೂ ಪ್ರಸಂಗದ ತಾಣಗಳು: ಒಂದು ಕಡೆ ಕೊಟ್ಟಿಗೆ, ಒಂದು ಕಡೆ ಯಾರದೋ ಅಡುಗೆಮನೆ, ಇನ್ನೊಂದು ಕಡೆ ಬರಿಯ ಮರದಡಿ. ಸಾಮಾನ್ಯವಾಗಿ ಒಬ್ಬ ಹಿರಿಯ, ಒಬ್ಬ ಕಿರಿಯ ಬೋಧಕ ಈ ಸುತ್ತನ್ನು ನಾಲ್ಕರಿಂದ ಆರು ವಾರಗಳಲ್ಲಿ ಮುಗಿಸಿ ಮತ್ತೆ ಶುರು ಮಾಡಬೇಕು. ಬೋಧಕನ ಆಸ್ತಿಯೆಲ್ಲ ಜೀನಿನ ಎರಡು ಬದಿಯ ಚೀಲಗಳಲ್ಲಿ: ಸತ್ಯವೇದ, ಕೀರ್ತನೆ ಪುಸ್ತಕ, ಸಭೆಯ ನಿಯಮಾವಳಿ, ಬದಲಿ ಅಂಗಿ, ಮಾರಲು ಪುಸ್ತಕಗಳು. ಆ ಪುಸ್ತಕಗಳನ್ನು ಅಚ್ಚು ಹಾಕಿಸಲೆಂದೇ 1789ರಲ್ಲಿ ಮೆಥೊಡಿಸ್ಟರು ಫಿಲಡೆಲ್ಫಿಯಾದಲ್ಲಿ ಪ್ರಕಾಶನ ಸಂಸ್ಥೆಯನ್ನು ತೆರೆದರು. ಕಾಡಿನಂಚಿನ ಮನೆಗೆ ಪುಸ್ತಕದಂಗಡಿಯೂ ಅದೇ ಕುದುರೆ.

ಆರು ವಾರಕ್ಕೊಮ್ಮೆ ಬಂದು ಒಂದು ಪ್ರಸಂಗ ಮಾಡಿ ಹೋಗುವವನಿಂದ ಸಭೆ ಉಳಿಯುತ್ತದೆಯೇ? ಉಳಿಯುವುದಿಲ್ಲ. ಗುಟ್ಟು ಇರುವುದು ಬೋಧಕ ಇಲ್ಲದ ವಾರಗಳಲ್ಲಿ. ಹತ್ತು ಹನ್ನೆರಡು ಜನರಿಗೆ ಒಂದು ವರ್ಗ, ಅದಕ್ಕೊಬ್ಬ ಮುಖಂಡ. ಅವನು ರೈತನೋ ಬಡಗಿಯೋ ಆಗಿರುತ್ತಾನೆ. ವಾರಕ್ಕೊಮ್ಮೆ ಸೇರಿ ಒಬ್ಬೊಬ್ಬರ ಬದುಕು ಹೇಗೆ ನಡೆದಿದೆ ಎಂದು ವಿಚಾರಿಸುತ್ತಾರೆ. ಊರಲ್ಲೇ ಇರುವ, ಸಂಬಳವಿಲ್ಲದ ಸ್ಥಳೀಯ ಬೋಧಕರು ಭಾನುವಾರ ನಡೆಸಿಕೊಡುತ್ತಾರೆ. ಕುದುರೆಯ ಬೋಧಕ ಬರುವುದು ನೂಲನ್ನು ಬಿಗಿದು ಕಟ್ಟಲು. ನೂಲುತ್ತಿದ್ದವರು ಊರಿನವರೇ, ಅವರಲ್ಲಿ ಹೆಚ್ಚಿನವರು ಬೋಧಕನಿಗೆ ಮನೆ ತೆರೆದು ಊಟ ಬಡಿಸಿದ ಹೆಂಗಸರು ಎಂಬುದನ್ನು ಕುದುರೆ ಏರಿದ ಬೋಧಕರ ಕಂಚಿನ ಪ್ರತಿಮೆಗಳು ಹೇಳುವುದಿಲ್ಲ.

ಬೋಧಕ ಯಾವ ಸುತ್ತಿಗೆ ಹೋಗಬೇಕೆಂದು ವಾರ್ಷಿಕ ಸಮ್ಮೇಳನದ ಕೊನೆಯಲ್ಲಿ ಬಿಷಪ್ ಪಟ್ಟಿ ಓದುತ್ತಿದ್ದ. ಹೆಸರು ಕೂಗಿದ ಮೇಲೆ ಮಾತಿಲ್ಲ. 1792ರಲ್ಲಿ ಜೇಮ್ಸ್ ಓಕೆಲಿ ಎಂಬ ಹಿರಿಯ, ನೇಮಕದ ವಿರುದ್ಧ ಮೇಲ್ಮನವಿಯ ಹಕ್ಕು ಬೇಕೆಂದು ಹಟ ಹಿಡಿದ. ಸಮ್ಮೇಳನ ಒಪ್ಪಲಿಲ್ಲ, ಅವನು ತನ್ನವರೊಂದಿಗೆ ಹೊರನಡೆದ. ಒಂದೇ ಕಡೆ ಎರಡು ವರ್ಷಕ್ಕಿಂತ ಹೆಚ್ಚು ಇರಕೂಡದೆಂದು 1804ರಲ್ಲಿ ಲಿಖಿತ ನಿಯಮವೇ ಬಂತು. ಕ್ರೂರವೆನಿಸಿದರೂ ಅದರ ಹಿಂದೆ ಒಂದು ಲೆಕ್ಕಾಚಾರವಿದೆ. ತಾನೇ ಒಂದು ಇಡೀ ವರ್ಷ ಒಂದೇ ಊರಲ್ಲಿ ಬೋಧಿಸಿದರೆ ಕೇಳುವವರ ಜೊತೆಗೆ ತಾನೂ ನಿದ್ದೆ ಹೋಗುತ್ತೇನೆ ಎಂದು ವೆಸ್ಲಿ ಹಿಂದೆಯೇ ಬರೆದಿದ್ದ. ಇಪ್ಪತ್ತು ಪ್ರಸಂಗ ಬರುವ, ಹೆಚ್ಚು ಓದಿರದ ಯುವಕ ಒಂದೇ ಊರಿನಲ್ಲಿ ಅರ್ಧ ವರ್ಷಕ್ಕೆ ಬರಿದಾಗುತ್ತಾನೆ. ಸುತ್ತಿನಲ್ಲಿ ಅದೇ ಪ್ರಸಂಗವನ್ನು ಇಪ್ಪತ್ತು ಕಡೆ ಹೇಳಿ ಹೇಳಿ ಹದ ಮಾಡಿಕೊಳ್ಳುತ್ತಾನೆ. ಚಲನೆ ಅವನ ಕಾಲೇಜು.

ಫಲಿತಾಂಶ ಅಂಕಿಗಳಲ್ಲಿ ಕಾಣುತ್ತದೆ. 1784ರಲ್ಲಿ ಅಮೆರಿಕದ ಮೆಥೊಡಿಸ್ಟ್ ಸದಸ್ಯರು ಸುಮಾರು 15,000. ಆಸ್ಬರಿ ತೀರಿಕೊಂಡ 1816ರ ಹೊತ್ತಿಗೆ ಎರಡು ಲಕ್ಷ ದಾಟಿದ್ದರು.

ಗಂಧಕದ ಅಂಗಿ

ಇದಕ್ಕೆ ತೆತ್ತ ಬೆಲೆ? ಸಂಬಳ ವರ್ಷಕ್ಕೆ 64 ಡಾಲರ್. 1800ರಲ್ಲಿ ಅದು 80 ಆಯಿತು. ಬಿಷಪ್‌ಗೂ ಅಷ್ಟೇ, ಮೊನ್ನೆ ಸೇರಿದ ಹುಡುಗನಿಗೂ ಅಷ್ಟೇ. ಅದೂ ಪೂರ್ತಿ ಕೈಗೆ ಬರುವ ಖಾತರಿ ಇರಲಿಲ್ಲ. ಈ ಹಣದಲ್ಲಿ, ಈ ಅಲೆದಾಟದಲ್ಲಿ ಸಂಸಾರ ಹೂಡುವುದು ಹೇಗೆ? ಮದುವೆಯಾದವರಲ್ಲಿ ಬಹಳ ಜನ ಸುತ್ತು ಬಿಟ್ಟು ಊರು ಹಿಡಿಯುತ್ತಿದ್ದರು. ಆಸ್ಬರಿ ಮದುವೆಯಾಗಲೇ ಇಲ್ಲ, ಆಗುವವರನ್ನು ಕಂಡರೆ ಅವನಿಗೆ ಸಂತೋಷವೂ ಆಗುತ್ತಿರಲಿಲ್ಲ.

ಅಪಲೇಚಿಯನ್ ಬೆಟ್ಟಸಾಲನ್ನು ಅವನು ಅರವತ್ತು ಬಾರಿಯಾದರೂ ದಾಟಿದ ಎಂದು ಲೆಕ್ಕ ಹಾಕುತ್ತಾರೆ. ದಿನಚರಿಯಲ್ಲಿ ಬೆಟ್ಟದ ಸೌಂದರ್ಯ ಹುಡುಕಿದರೆ ಅಲ್ಲಲ್ಲಿ ಸಿಗಬಹುದು, ಜ್ವರ ಮತ್ತು ವಾತ ಪುಟಪುಟಕ್ಕೂ ಸಿಗುತ್ತವೆ. ಕೊಳಕು ಹಾಸಿಗೆಗಳಲ್ಲಿ ಮಲಗಿ ಮಲಗಿ ಕಜ್ಜಿ ಹತ್ತಿದಾಗ, ಇಷ್ಟು ದಿನ ಇಪ್ಪತ್ತು ಸಲ ಹತ್ತದೆ ಇದ್ದದ್ದೇ ಆಶ್ಚರ್ಯ, ಗಂಧಕದ ಅಂಗಿ ತೊಟ್ಟು ಮಲಗುವುದೊಂದೇ ಇದಕ್ಕೆ ರಕ್ಷೆ ಎಂದು ಬರೆದ. ಗಂಧಕ ಆಗಿನ ಕಾಲದ ಕಜ್ಜಿಯ ಮದ್ದು. ಇಡೀ ದಿನಚರಿಯಲ್ಲಿ ನನಗೆ ಅವನು ಅತ್ಯಂತ ಹತ್ತಿರವಾಗುವುದು ಈ ಸಾಲಿನಲ್ಲಿ. ಜಡಿಮಳೆಯ ದಿನ ಅಮೆರಿಕದ ಹಳ್ಳಿಗರು ಆಡುತ್ತಿದ್ದ ಒಂದು ಮಾತಿತ್ತು: ಇವತ್ತು ಹೊರಗಿರುವುದು ಕಾಗೆಗಳು ಮತ್ತು ಮೆಥೊಡಿಸ್ಟ್ ಬೋಧಕರು ಮಾತ್ರ.

ಕುದುರೆಯ ವಿಷಯವನ್ನು ಬಿಡುವಂತಿಲ್ಲ. ಬೋಧಕರ ನಿಯಮಗಳಲ್ಲಿ ಪ್ರಾರ್ಥನೆ, ಉಪವಾಸಗಳ ಜೊತೆಗೆ ಇದೂ ಇತ್ತು: ನಿನ್ನ ಪಶುವಿಗೆ ಕರುಣೆ ತೋರು; ಮೆಲ್ಲಗೆ ಸವಾರಿ ಮಾಡಿದರೆ ಸಾಲದು, ಅದರ ಮೈ ತಿಕ್ಕಿದ್ದಾರೆಯೇ, ಮೇವು ಹಾಕಿದ್ದಾರೆಯೇ, ಮಲಗಲು ಹಾಸಿದ್ದಾರೆಯೇ ಎಂದು ನಿನ್ನ ಕಣ್ಣಾರೆ ನೋಡು. ವೆಸ್ಲಿಗೆ ಕುದುರೆಯ ಮೇಲೆ ಎಷ್ಟು ನಂಬಿಕೆ ಎಂದರೆ ಲಗಾಮನ್ನು ಅದರ ಕತ್ತಿನ ಮೇಲೆ ಸಡಿಲ ಬಿಟ್ಟು ಪುಸ್ತಕ ಓದುತ್ತಾ ಹೋಗುತ್ತಿದ್ದ. ಲಗಾಮು ಸಡಿಲ ಬಿಟ್ಟರೆ ಕುದುರೆ ಎಡವುವುದಿಲ್ಲ, ಲಕ್ಷ ಮೈಲಿಗೂ ಹೆಚ್ಚು ಸವಾರಿ ಮಾಡಿ ಕಂಡುಕೊಂಡದ್ದು ಎಂದು 1770ರಲ್ಲಿ ಬರೆದ. ಎರಡು ಕುದುರೆಗಳು ಮಾತ್ರ ಇದಕ್ಕೆ ಅಪವಾದವಂತೆ.

ಬಯಲು ಎಲ್ಲರಿಗೂ ಒಂದೇ ಆಗಿತ್ತೆಂದು ತಿಳಿಯಬಾರದು. ಆಸ್ಬರಿಯ ಜೊತೆ ಗಾಡಿ ಹೊಡೆಯುತ್ತಾ ಸಾಗಿದ ಹ್ಯಾರಿ ಹೋಸಿಯರ್ ಕಪ್ಪು ಜನಾಂಗದವನು, ಓದುಬರಹ ಇಲ್ಲದವನು, ಕೇಳಿದ ಸತ್ಯವೇದವನ್ನೆಲ್ಲ ಬಾಯಲ್ಲಿಟ್ಟುಕೊಂಡವನು. ಬಿಷಪ್‌ನ ಪ್ರಸಂಗಕ್ಕಿಂತ ಗಾಡಿಯವನ ಪ್ರಸಂಗ ಕೇಳಲು ಜನ ಸೇರುತ್ತಿದ್ದ ಊರುಗಳಿದ್ದವು. ಹಾಗೆಯೇ ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದ ರಿಚರ್ಡ್ ಆಲನ್‌ನನ್ನು ತನ್ನೊಡನೆ ದಕ್ಷಿಣಕ್ಕೆ ಬಾ ಎಂದು ಆಸ್ಬರಿ ಕರೆದ. ಷರತ್ತುಗಳು ಹೀಗಿದ್ದವು: ಅಲ್ಲಿಯ ಗುಲಾಮರೊಂದಿಗೆ ಬೆರೆಯಕೂಡದು, ಅನೇಕ ರಾತ್ರಿ ಗಾಡಿಯಲ್ಲೇ ಮಲಗಬೇಕು, ಸಿಗುವುದು ಊಟ ಬಟ್ಟೆ. ಆಲನ್ ಒಲ್ಲೆ ಎಂದ. ಮುಂದೆ ಫಿಲಡೆಲ್ಫಿಯಾದಲ್ಲಿ ಬೆತೆಲ್ ಸಭೆ ಕಟ್ಟಿ, 1816ರಲ್ಲಿ ಕಪ್ಪು ಜನಾಂಗದವರ ಸ್ವತಂತ್ರ ಮೆಥೊಡಿಸ್ಟ್ ಸಭೆಗೆ ಮೊದಲ ಬಿಷಪ್ ಆದ. 1784ರಲ್ಲಿ ಗುಲಾಮಗಿರಿಯ ವಿರುದ್ಧ ಮಾಡಿದ್ದ ಬಿಗಿ ನಿಯಮವನ್ನು ಬಿಳಿಯರ ಸಭೆ ಆರು ತಿಂಗಳೊಳಗೆ ಅಮಾನತಿನಲ್ಲಿಟ್ಟಿತ್ತು.

ಆಸ್ಬರಿ ಕೊನೆಯ ಪ್ರಸಂಗ ಮಾಡಿದ್ದು 1816ರ ಮಾರ್ಚ್ 24ರಂದು, ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ. ನಿಲ್ಲಲು ಆಗುತ್ತಿರಲಿಲ್ಲ. ಎತ್ತಿಕೊಂಡು ಹೋಗಿ ಮೇಜಿನ ಮೇಲೆ ಕೂರಿಸಿದರು. ಅಲ್ಲಿಂದ ಮತ್ತೆ ಗಾಡಿ ಹತ್ತಿ ಮುಂದಿನ ಊರಿಗೆ ಹೊರಟ. ವಾರದಲ್ಲಿ, ದಾರಿಯಲ್ಲಿ ತಂಗಿದ್ದ ಮನೆಯಲ್ಲಿ ತೀರಿಕೊಂಡ. ವೆಸ್ಲಿ ಕೊನೆಯ ಬಾರಿ ಬಯಲಲ್ಲಿ ನಿಂತದ್ದು 1790ರ ಅಕ್ಟೋಬರ್‌ನಲ್ಲಿ, ಇಂಗ್ಲೆಂಡಿನ ವಿಂಚಲ್ಸಿಯಲ್ಲಿ ಒಂದು ಮರದ ಕೆಳಗೆ. ಆಗ ಆತನಿಗೆ ಎಂಬತ್ತೇಳು.

ಡೇರೆಗೆ ಬೇರು ಬಂದಾಗ

ಬೋಧಕ ಜನರ ಬಳಿಗೆ ಹೋಗುವುದು ಒಂದು ಬಗೆ. ಚದುರಿದ ಜನ ವರ್ಷಕ್ಕೊಮ್ಮೆ ಗಾಡಿ ಕಟ್ಟಿಕೊಂಡು ಬಂದು ಕಾಡಿನಲ್ಲೇ ನಾಲ್ಕೈದು ದಿನ ಬೀಡುಬಿಡುವುದು ಇನ್ನೊಂದು. ಕ್ಯಾಂಪ್ ಮೀಟಿಂಗ್ ಎಂಬ ಈ ಪದ್ಧತಿ ಕೆಂಟಕಿಯಲ್ಲಿ, 1800ರ ಜುಲೈಯಲ್ಲಿ ಗ್ಯಾಸ್ಪರ್ ನದಿಯ ಹತ್ತಿರ ಪ್ರೆಸ್ಬಿಟೇರಿಯನ್ ಎಂಬ ಇನ್ನೊಂದು ಕ್ರೈಸ್ತ ಪಂಗಡದ ಪಾದ್ರಿ ಜೇಮ್ಸ್ ಮೆಗ್ರೆಡಿ ನಡೆಸಿದ ಕೂಟದಿಂದ ಶುರುವಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮರುವರ್ಷ ಆಗಸ್ಟ್‌ನಲ್ಲಿ ಕೇನ್ ರಿಜ್‌ನಲ್ಲಿ ಸೇರಿದವರು ಹತ್ತು ಸಾವಿರದಿಂದ ಇಪ್ಪತ್ತೈದು ಸಾವಿರ ಎಂಬ ಅಂದಾಜುಗಳಿವೆ. ಆಗ ಇಡೀ ಕೆಂಟಕಿಯ ಜನಸಂಖ್ಯೆ 2,20,955, ಅಲ್ಲಿಯ ದೊಡ್ಡ ಪಟ್ಟಣ ಲೆಕ್ಸಿಂಗ್ಟನ್‌ನಲ್ಲಿ ಎರಡು ಸಾವಿರ ಜನವೂ ಇರಲಿಲ್ಲ.

ಅಷ್ಟು ಜನಕ್ಕೆ ಒಬ್ಬನ ದನಿ ಸಾಲದು. ಬೇರೆಬೇರೆ ಕಡೆ, ಒಬ್ಬ ಅಟ್ಟಣೆಯ ಮೇಲೆ, ಒಬ್ಬ ಗಾಡಿಯ ಮೇಲೆ, ಒಬ್ಬ ಬಿದ್ದ ಮರದ ಮೇಲೆ, ಏಕಕಾಲಕ್ಕೆ ಬೋಧಿಸುತ್ತಿದ್ದರು. ಜನ ಬಿದ್ದರು, ನಡುಗಿದರು, ಕೂಗಿದರು. ಕೂಟ ಮುಗಿದ ಕಾರಣವೂ ಬಯಲಿನದೇ. ಮನುಷ್ಯರಿಗೆ ತಿನ್ನಲು, ಕುದುರೆಗಳಿಗೆ ಮೇಯಲು ಏನೂ ಉಳಿಯಲಿಲ್ಲ. ಮೆಥೊಡಿಸ್ಟರು ಈ ಪದ್ಧತಿಯನ್ನು ಬೇಗ ತಮ್ಮದಾಗಿಸಿಕೊಂಡು ಅದಕ್ಕೊಂದು ಶಿಸ್ತು ತಂದರು: ಸಾಲು ಡೇರೆಗಳು, ಬೆಳಗಾಗುತ್ತಲೇ ಕಹಳೆ, ರಾತ್ರಿಗೆ ಎತ್ತರದ ಅಟ್ಟಣೆಗಳಲ್ಲಿ ಮಣ್ಣು ಹಾಸಿ ಅದರ ಮೇಲೆ ಉರಿಸುವ ಬೆಂಕಿ. ದೊಡ್ಡ ಬಲೆ ಬೀಸಿ ಮೀನು ಹಿಡಿದಂತೆ ಎಂದ ಆಸ್ಬರಿ. ದಕ್ಷಿಣದ ಅನೇಕ ಕೂಟಗಳಲ್ಲಿ ಕಪ್ಪು ಜನಾಂಗದವರಿಗೆ ಪ್ರಸಂಗದ ಅಟ್ಟಣೆಯ ಹಿಂದೆ ಜಾಗ.

ಆಮೇಲೆ ರಸ್ತೆಗಳು ಬಂದವು, ಊರುಗಳು ದಟ್ಟವಾದವು. ಸುತ್ತುಗಳು ಕುಗ್ಗಿ ಕುಗ್ಗಿ ಒಂದೇ ಊರಿನ ಸಭೆಗಳಾದವು, ಬೋಧಕನಿಗೆ ಮನೆ ಕಟ್ಟಿಕೊಟ್ಟರು. ಹಳೆಯ ಸುತ್ತಿನ ಪೀಟರ್ ಕಾರ್ಟ್‌ರೈಟ್ 1856ರಲ್ಲಿ ಆತ್ಮಕಥೆ ಪ್ರಕಟಿಸಿದಾಗ ಅದು ಆಗಲೇ ಕಣ್ಮರೆಯಾಗುತ್ತಿದ್ದ ಲೋಕದ ಕಥೆಯಾಗಿತ್ತು. (ಈತ ಇಲಿನಾಯ್‌ನಲ್ಲಿ ಎರಡು ಸಲ ಅಬ್ರಹಾಂ ಲಿಂಕನ್‌ನೊಡನೆ ಒಂದೇ ಚುನಾವಣೆಯಲ್ಲಿ ನಿಂತವನು. 1832ರಲ್ಲಿ ಈತ ಗೆದ್ದ, 1846ರಲ್ಲಿ ಲಿಂಕನ್ ಗೆದ್ದ.)

ಡೇರೆಗಳಿಗೆ ಏನಾಯಿತು ಎಂಬುದು ಅಮೆರಿಕದ ಈಶಾನ್ಯ ಕರಾವಳಿಯ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಕಣ್ಣಿಗೆ ಕಾಣುತ್ತದೆ. 1835ರಲ್ಲಿ ಅಲ್ಲಿಯ ಓಕ್ ತೋಪಿನಲ್ಲಿ ಒಂಬತ್ತು ಡೇರೆಗಳಿಂದ ಒಂದು ಕ್ಯಾಂಪ್ ಮೀಟಿಂಗ್ ಆರಂಭವಾಯಿತು. ಪ್ರತಿ ಬೇಸಿಗೆಯೂ ಅದೇ ಕುಟುಂಬಗಳು ಅದೇ ಜಾಗಕ್ಕೆ ಬರುತ್ತಿದ್ದವು. ಡೇರೆಯ ಕೆಳಗೆ ಮೊದಲು ಹಲಗೆಯ ನೆಲ ಬಂತು, ನಂತರ ಪಕ್ಕಕ್ಕೆ ಮರದ ಗೋಡೆ, ಕೊನೆಗೆ ಡೇರೆ ಹೋಗಿ ಡೇರೆಯಷ್ಟೇ ಅಗಲದ, ಬಣ್ಣ ಬಳಿದ ಪುಟ್ಟ ಮನೆಗಳು. ಅಂಥ ಮುನ್ನೂರಷ್ಟು ಮನೆಗಳು ಈಗಲೂ ಅಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಪ್ರಾರ್ಥನೆಗೆ ಬಂದವರು ಕಡಲ ಗಾಳಿಗೂ ಉಳಿಯತೊಡಗಿದರು. 1879ರಲ್ಲಿ, ಆ ಮನೆಗಳ ನಡುವೆ ಜನ ಆಕಾಶದ ಕೆಳಗೆ ಕೂತು ಪ್ರಸಂಗ ಕೇಳುತ್ತಿದ್ದ ಜಾಗದಲ್ಲಿ ಕಬ್ಬಿಣದ ಕಂಬಗಳನ್ನು ನಿಲ್ಲಿಸಿ ಚಾವಣಿ ಹೊದಿಸಿದರು.